ನೆಟ್‌ವರ್ಕ್ ಕಾರ್ಡಿನ ಇಂಟರಪ್ಟ್ ಭಾರವೆಲ್ಲ ಒಂದೇ ಕೋರ್ ಮೇಲೆ: ಹಂಚುವುದು ಹೇಗೆ?

ಐರೋಲಿ ರ‍್ಯಾಕ್

ನವಿ ಮುಂಬೈ, ಐರೋಲಿಯ ಡೇಟಾ ಸೆಂಟರ್‌ನಲ್ಲಿರುವ ಲಿನಕ್ಸ್ ಸರ್ವರ್. ಎರಡು ಸಾಕೆಟ್, ಒಂದೊಂದರಲ್ಲಿ 16 ಕೋರ್, ಹೈಪರ್‌ಥ್ರೆಡಿಂಗ್ ಸೇರಿ ಒಟ್ಟು 64 ಸಿಪಿಯು ಕಾಣುತ್ತವೆ. ಕಾರ್ಡ್ ಇಂಟೆಲ್ 82599, 10 ಗಿಗಾಬಿಟ್, ಡ್ರೈವರ್ ಐಎಕ್ಸ್‌ಜಿಬಿಇ. ಷೇರು ದರಗಳ ಮಲ್ಟಿಕಾಸ್ಟ್ (ಒಂದು ಗ್ರೂಪ್ ವಿಳಾಸಕ್ಕೆ ಕಳಿಸಿದ್ದನ್ನು ಹಲವರು ಪಡೆಯುವ) ಫೀಡ್ ಓದುವುದಷ್ಟೇ ಇದರ ಕೆಲಸ. ಆರು ಸ್ಟ್ರೀಮ್, ಎಲ್ಲವೂ ಯುಡಿಪಿ, ಸ್ಟ್ರೀಮ್‌ಗೆ ಒಂದರಂತೆ ಆರು ಥ್ರೆಡ್.

ಬೆಳಿಗ್ಗೆ 9:15ಕ್ಕೆ ಮಾರುಕಟ್ಟೆ ತೆರೆದ ಕ್ಷಣದಿಂದ ಒಂದು ಸಿಪಿಯು 100%ಕ್ಕೆ ಹೋಗಿ ಕೂರುತ್ತದೆ, ಉಳಿದ 63ಕ್ಕೆ ಕೆಲಸವೇ ಇಲ್ಲ. ಎಂಪಿಸ್ಟ್ಯಾಟ್‌ನಲ್ಲಿ ಭಾರವೆಲ್ಲ ಸಾಫ್ಟ್ ಕಾಲಮ್‌ನಲ್ಲಿ, ಅಂದರೆ ಇಂಟರಪ್ಟ್ (‘ಪ್ಯಾಕೆಟ್ ಬಂದಿದೆ’ ಎಂದು ಕಾರ್ಡ್ ಸಿಪಿಯುವಿಗೆ ಕೊಡುವ ಸೂಚನೆ) ಬಂದ ಮೇಲೆ ಕರ್ನಲ್ ಮಾಡುವ ಕೆಲಸದಲ್ಲಿ. ಟಾಪ್‌ನಲ್ಲಿ ಆ ಕೆಲಸ ಮಾಡುವ, ಆ ಸಿಪಿಯುವಿನ ಕೆ-ಸಾಫ್ಟ್‌ಐಆರ್‌ಕ್ಯು-ಡಿ ಎಲ್ಲರಿಗಿಂತ ಮೇಲೆ. ಫೀಡ್‌ನಲ್ಲಿ ಸೀಕ್ವೆನ್ಸ್ ನಂಬರ್ ತಪ್ಪುತ್ತಿದೆ. ಇಂಟರಪ್ಟ್‌ಗಳನ್ನು ಸಿಪಿಯುಗಳಿಗೆ ಹಂಚುವ ಐಆರ್‌ಕ್ಯು-ಬ್ಯಾಲೆನ್ಸ್ ಓಡುತ್ತಿದೆ. ಆ ಇಂಟರಪ್ಟ್‌ನ ಎಸ್‌ಎಂಪಿ ಅಫಿನಿಟಿ ಕಡತಕ್ಕೆ (ಅದು ಯಾವ ಸಿಪಿಯುಗಳಿಗೆ ಹೋಗಬಹುದು ಎಂಬ ಪಟ್ಟಿ, ಸಿಪಿಯುವಿಗೆ ಒಂದು ಬಿಟ್) 64 ಬಿಟ್ಟೂ ಒಂದಾಗುವಂತೆ ಪೂರ್ತಿ ‘ಎಫ್’ ಬರೆದೆ, ಏನೂ ಬದಲಾಗಲಿಲ್ಲ. ಎಲ್ಲ ಕೋರ್‌ಗಳಿಗೆ ಸಮನಾಗಿ ಹಂಚಲು ಏನು ಮಾಡಬೇಕು?

ಮಾಟುಂಗಾ ನೆಟ್

ಪೂರ್ತಿ ಎಫ್ ಬರೆದರೆ ಹಂಚಿ ಹೋಗುವುದಿಲ್ಲ ಮಾರಾಯ್ರೆ. ಆ ಕಡತ ಹೇಳುವುದು ‘ಈ ಇಂಟರಪ್ಟ್ ಇವುಗಳಲ್ಲಿ ಯಾವುದಕ್ಕಾದರೂ ಹೋಗಬಹುದು’ ಎಂದು ಮಾತ್ರ. ಎಕ್ಸ್86ನಲ್ಲಿ ಈಗಿನ ಕರ್ನಲ್ ಆ ಪಟ್ಟಿಯಿಂದ ಒಂದೇ ಒಂದು ಸಿಪಿಯುವನ್ನು ಆರಿಸಿ ಅಲ್ಲಿಗೇ ಕಳಿಸುತ್ತದೆ. ಯಾವುದನ್ನು ಆರಿಸಿದೆ ಎಂದು ಅದೇ ಫೋಲ್ಡರ್‌ನ ‘ಎಫೆಕ್ಟಿವ್ ಅಫಿನಿಟಿ ಲಿಸ್ಟ್’ ಕಡತದಲ್ಲಿ ಉಂಟು, ಓದಿ ನೋಡಿ. ಒಂದು ಇಂಟರಪ್ಟ್ ಅಂದರೆ ಒಂದು ಕಾಲಕ್ಕೆ ಒಂದು ಸಿಪಿಯು. ಹಂಚಬೇಕಾದರೆ ಮೊದಲು ಇಂಟರಪ್ಟ್‌ಗಳೇ ಹಲವು ಇರಬೇಕು, ಆ ಹಲವಕ್ಕೂ ಟ್ರಾಫಿಕ್ ಬರಬೇಕು.

ಬರೆದ ಮೇಲೆ ಎಫೆಕ್ಟಿವ್ ಕಡತ ಕೂಡಲೇ ಬದಲಾಗದಿದ್ದರೆ ಹೆದರಬೇಡಿ. ಕೆಲವು ಯಂತ್ರಗಳಲ್ಲಿ, ಮುಖ್ಯವಾಗಿ ಇಂಟರಪ್ಟ್ ರೀಮ್ಯಾಪಿಂಗ್ ಇಲ್ಲದ ಕಡೆ, ಮುಂದಿನ ಇಂಟರಪ್ಟ್ ಬಂದಾಗಲೇ ಜಾಗ ಬದಲಾಗುವುದು.

ಕೋಥ್ರೂಡ್ ಕರ್ನಲ್

ಏನನ್ನೂ ಬದಲಿಸುವ ಮುನ್ನ ಭಾರ ಎಲ್ಲಿ ಒಟ್ಟುಗೂಡಿದೆ ಎಂದು ಗೊತ್ತಾಗಬೇಕು. ಒಟ್ಟುಗೂಡಲು ಮೂರು ಜಾಗಗಳಿವೆ. ಕಾರ್ಡ್ ಎಲ್ಲ ಪ್ಯಾಕೆಟ್‌ಗಳನ್ನೂ ಒಂದೇ ಕ್ಯೂಗೆ (ಸ್ವಂತ ಇಂಟರಪ್ಟ್ ಇರುವ ಸರದಿ ಸಾಲು) ಹಾಕುತ್ತಿರಬಹುದು. ಕ್ಯೂಗಳು ಹಲವಿದ್ದು ಅವುಗಳ ಇಂಟರಪ್ಟ್‌ಗಳು ಒಂದೇ ಸಿಪಿಯು ಮೇಲೆ ಬಿದ್ದಿರಬಹುದು. ಎರಡೂ ಸರಿ ಇದ್ದು, ಆಮೇಲಿನ ಪ್ರೊಟೊಕಾಲ್ ಕೆಲಸ ಒಂದೆಡೆ ಕೂಡಿರಬಹುದು. ಅಫಿನಿಟಿ ಬರೆಯುವುದರಿಂದ ಸರಿಹೋಗುವುದು ಎರಡನೆಯದು ಮಾತ್ರ.

ದಯವಿಟ್ಟು ಇವನ್ನು ನೋಡಿ ಹೇಳಿ.

‘/ಪ್ರಾಕ್/ಇಂಟರಪ್ಟ್ಸ್’ ಕಡತವನ್ನು ವಾಚ್ ಕಮಾಂಡ್‌ನಲ್ಲಿ ಹಾಕಿ, ಒಂದು ಸೆಕೆಂಡಿಗೊಮ್ಮೆ, ವ್ಯತ್ಯಾಸ ಎತ್ತಿ ತೋರಿಸುವ ಆಪ್ಷನ್ ಜೊತೆ. ಕಾರ್ಡಿನ ಹೆಸರಿನ ಮುಂದೆ ಟಿಎಕ್ಸ್‌ಆರ್‌ಎಕ್ಸ್-0, ಟಿಎಕ್ಸ್‌ಆರ್‌ಎಕ್ಸ್-1 ಎಂದಿರುವ ಸಾಲುಗಳಲ್ಲಿ ಎಷ್ಟು ಸಾಲು ಓಡುತ್ತಿವೆ? ಆಮೇಲೆ ಈತ್‌ಟೂಲ್‌ನ (ಕಾರ್ಡಿನ ಸೆಟ್ಟಿಂಗ್ ನೋಡುವ, ಬದಲಿಸುವ ಕಮಾಂಡ್) ಸಣ್ಣ ಎಲ್ ಆಪ್ಷನ್‌ನಲ್ಲಿ ಕಂಬೈನ್ಡ್, ಅಂದರೆ ಕ್ಯೂಗಳ ಸಂಖ್ಯೆ ಎಷ್ಟು? ಸಣ್ಣ ಎನ್ ಆಪ್ಷನ್‌ನಲ್ಲಿ ‘ಆರ್‌ಎಕ್ಸ್-ಫ್ಲೋ-ಹ್ಯಾಶ್ ಯುಡಿಪಿ4’ ಕೇಳಿದರೆ ಏನು ಹೇಳುತ್ತದೆ? ಕಾರ್ಡಿನ ಡಿವೈಸ್ ಫೋಲ್ಡರ್‌ನ ‘ನ್ಯೂಮಾ ನೋಡ್’ ಕಡತದಲ್ಲಿ (ಕಾರ್ಡ್ ಯಾವ ಸಾಕೆಟ್‌ಗೆ ಸೇರಿದೆ ಎಂಬುದು) ಯಾವ ಸಂಖ್ಯೆ? ದೊಡ್ಡ ಎಸ್ ಆಪ್ಷನ್‌ನ ಎಣಿಕೆಗಳಲ್ಲಿ ‘ಆರ್‌ಎಕ್ಸ್ ಮಿಸ್ಡ್ ಎರರ್ಸ್’ (ಕಾರ್ಡಿನ ಮಟ್ಟದಲ್ಲೇ ಬಿಟ್ಟುಹೋದ ಪ್ಯಾಕೆಟ್) ಏರುತ್ತಿದೆಯೇ? ಆರು ಸ್ಟ್ರೀಮ್‌ಗಳಿಗೆ ಗ್ರೂಪ್ ವಿಳಾಸ ಬೇರೆ ಬೇರೆಯೋ, ಪೋರ್ಟ್ ಮಾತ್ರ ಬೇರೆಯೋ?

ಈತ್‌ಟೂಲ್‌ನಲ್ಲಿ ಎಲ್, ಎಕ್ಸ್, ಜಿ, ಸಿ, ಕೆ, ಎನ್ ಈ ಆಪ್ಷನ್‌ಗಳ ಸಣ್ಣ ಅಕ್ಷರ ತೋರಿಸುತ್ತದೆ, ದೊಡ್ಡ ಅಕ್ಷರ ಬದಲಿಸುತ್ತದೆ. ಚಾಲೂ ಮಾರುಕಟ್ಟೆಯ ಹೊತ್ತಿನಲ್ಲಿ ದೊಡ್ಡ ಅಕ್ಷರ ಮುಟ್ಟಬೇಡಿ. ದೊಡ್ಡ ಎಲ್ ಕೊಟ್ಟರೆ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ.

ಐರೋಲಿ ರ‍್ಯಾಕ್

ಮಾರುಕಟ್ಟೆ ಚಾಲೂ ಇದ್ದಾಗ ನೋಡಿದ್ದು:

ಇಂಟರಪ್ಟ್ ಸಾಲು 63 ಇವೆ. ಜೋರಾಗಿ ಓಡುವುದು ಟಿಎಕ್ಸ್‌ಆರ್‌ಎಕ್ಸ್-11 ಒಂದೇ, ಅದು ಸಿಪಿಯು 3ರಲ್ಲಿದೆ. ಬೇರೆ ನಾಲ್ಕೈದು ಆಗೊಮ್ಮೆ ಈಗೊಮ್ಮೆ ಏರುತ್ತವೆ, ಎಸ್‌ಎಸ್‌ಎಚ್ ಇರಬೇಕು. ಕಂಬೈನ್ಡ್ 63. ಯುಡಿಪಿ4 ಹ್ಯಾಶ್‌ಗೆ ಐಪಿ ಮೂಲ ವಿಳಾಸ, ಐಪಿ ಗುರಿ ವಿಳಾಸ ಎರಡೇ ಎಂದು ತೋರಿಸುತ್ತದೆ. ನ್ಯೂಮಾ ನೋಡ್ 1. ಮಿಸ್ಡ್ ಎರರ್ಸ್ ಏರುತ್ತಿದೆ. ಆರೂ ಸ್ಟ್ರೀಮ್‌ಗೆ ಕಳಿಸುವ ವಿಳಾಸವೂ ಒಂದೇ, ಗ್ರೂಪ್ ವಿಳಾಸವೂ ಒಂದೇ. ಪೋರ್ಟ್ ಮಾತ್ರ ಬೇರೆ.

ಎಲ್‌ಎಸ್‌ಸಿಪಿಯು ಪ್ರಕಾರ ನೋಡ್ 0 ಎಂದರೆ 0-15 ಮತ್ತು 32-47, ನೋಡ್ 1 ಎಂದರೆ 16-31 ಮತ್ತು 48-63.

ಕೋಥ್ರೂಡ್ ಕರ್ನಲ್

ಕಾರಣ ನಿಮ್ಮ ಉತ್ತರದಲ್ಲೇ ಇದೆ. ಕಾರ್ಡ್ ಪ್ರತಿ ಪ್ಯಾಕೆಟ್‌ನ ಹೆಡರ್‌ನಿಂದ ಒಂದು ಹ್ಯಾಶ್ ತೆಗೆಯುತ್ತದೆ, ಆ ಹ್ಯಾಶ್‌ನ ಕೆಳಗಿನ ಬಿಟ್‌ಗಳನ್ನು ಹಿಡಿದು 128 ಮನೆಗಳ ಕೋಷ್ಟಕದಲ್ಲಿ ಕ್ಯೂ ಸಂಖ್ಯೆ ಹುಡುಕುತ್ತದೆ. ಯುಡಿಪಿಗೆ ಈ ಡ್ರೈವರ್ ಡಿಫಾಲ್ಟ್ ಆಗಿ ಎರಡು ವಿಳಾಸ ಮಾತ್ರ ನೋಡುತ್ತದೆ, ಪೋರ್ಟ್ ನೋಡುವುದಿಲ್ಲ. ನಿಮ್ಮ ಆರೂ ಸ್ಟ್ರೀಮ್‌ಗೆ ಎರಡೂ ವಿಳಾಸ ಒಂದೇ ಆದ್ದರಿಂದ ಹ್ಯಾಶ್ ಒಂದೇ, ಮನೆ ಒಂದೇ, ಕ್ಯೂ 11 ಒಂದೇ. ಐಆರ್‌ಕ್ಯು-ಬ್ಯಾಲೆನ್ಸ್ ಎಷ್ಟೇ ಚೆನ್ನಾಗಿ ಓಡಲಿ, ಆ ಒಂದು ಇಂಟರಪ್ಟನ್ನು ಒಂದು ಸಿಪಿಯುವಿನಿಂದ ಇನ್ನೊಂದಕ್ಕೆ ದಾಟಿಸಬಹುದೇ ಹೊರತು ಒಡೆದು ಹಂಚಲಾರದು.

ಇನ್ನೊಂದು ವಿಷಯ. 63 ಕ್ಯೂ ಇದ್ದರೂ 82599ರ ಹ್ಯಾಶ್ ಕೋಷ್ಟಕದ ಪ್ರತಿ ಮನೆಯಲ್ಲಿ ಕ್ಯೂ ಸಂಖ್ಯೆಗೆ ಇರುವುದು 4 ಬಿಟ್. ಹಾಗಾಗಿ ಹ್ಯಾಶ್‌ನಿಂದ ತಲುಪಬಹುದಾದದ್ದು 0ಯಿಂದ 15ರವರೆಗಿನ ಕ್ಯೂಗಳು ಮಾತ್ರ. ಉಳಿದವು ಬೇರೆ ದಾರಿಯಿಂದ, ಫ್ಲೋ ಡೈರೆಕ್ಟರ್ (ಇಂಥ ಪ್ಯಾಕೆಟ್ ಇಂಥ ಕ್ಯೂಗೆ ಎಂದು ಹೇಳುವ ಕಾರ್ಡಿನ ಸೌಲಭ್ಯ) ಮೂಲಕ ಬಳಕೆಯಾಗುತ್ತವೆ.

ಹ್ಯಾಶ್‌ಗೆ ಪೋರ್ಟ್ ಸೇರಿಸಲು ದೊಡ್ಡ ಎನ್ ಆಪ್ಷನ್ ಕೊಟ್ಟು, ‘ಆರ್‌ಎಕ್ಸ್-ಫ್ಲೋ-ಹ್ಯಾಶ್ ಯುಡಿಪಿ4’ಕ್ಕೆ ಎಸ್, ಡಿ, ಎಫ್, ಎನ್ ಈ ನಾಲ್ಕು ಅಕ್ಷರ ಒಟ್ಟಿಗೆ ಕೊಡಬೇಕು. ಎಸ್ ಮತ್ತು ಡಿ ವಿಳಾಸಗಳು, ಎಫ್ ಮತ್ತು ಎನ್ ಪೋರ್ಟ್‌ಗಳು. ಕೊಟ್ಟ ಕೂಡಲೇ ಕರ್ನಲ್ ಲಾಗ್‌ನಲ್ಲಿ, ತುಂಡಾದ ಪ್ಯಾಕೆಟ್‌ಗಳು ಕ್ರಮ ತಪ್ಪಿ ಬರಬಹುದು ಎಂಬ ಎಚ್ಚರಿಕೆ ಕಾಣುತ್ತದೆ. ಐಪಿ ಫ್ರಾಗ್ಮೆಂಟ್ ಆದಾಗ ಎರಡನೆಯ ತುಂಡಿನಿಂದ ಮುಂದಕ್ಕೆ ಯುಡಿಪಿ ಹೆಡರ್ ಇರುವುದಿಲ್ಲ, ಪೋರ್ಟ್ ಗೊತ್ತಾಗದೆ ಅದು ಬೇರೆ ಕ್ಯೂಗೆ ಹೋಗುತ್ತದೆ. ಡಿಫಾಲ್ಟ್ ಆಗಿ ಪೋರ್ಟ್ ಬಿಟ್ಟಿರುವುದೂ ಇದೇ ಕಾರಣಕ್ಕೆ. ನಿಮ್ಮ ಫೀಡ್‌ನ ಪ್ಯಾಕೆಟ್ 1500 ಬೈಟ್‌ನ ಎಂಟಿಯು (ತುಂಡಾಗದೆ ಹೋಗುವ ಗರಿಷ್ಠ ಗಾತ್ರ) ಒಳಗೇ ಇದ್ದರೆ ಈ ತೊಂದರೆ ಇಲ್ಲ.

ಹಿಂಜವಡಿ ಮಂದಿ

ಕರ್ನಲ್ ಸರ್ ಹೇಳಿದ್ದು ಖರೇ ಐತಿ, ಆದ್ರ ಆರೇ ಆರು ಸ್ಟ್ರೀಮ್ ಇರೋ ಕಡೆ ಹ್ಯಾಶ್ ನಂಬಬ್ಯಾಡ್ರಿ. ಹ್ಯಾಶ್ ಸಾವಿರಾರು ಕನೆಕ್ಷನ್ ಇದ್ದಾಗ ಚಲೋ ಹಂಚತೈತಿ. 16 ಕ್ಯೂಗೆ 6 ಸ್ಟ್ರೀಮ್ ಎಸೆದ್ರ, ಹ್ಯಾಶ್ ಪೂರ್ತಿ ಸಮ ಅಂತ ಹಿಡಿದ್ರೂ, ಕನಿಷ್ಠ ಎರಡು ಒಂದೇ ಕ್ಯೂದಾಗ ಬೀಳೋ ಸಾಧ್ಯತೆ ಸುಮಾರು 66%. ಅವೆರಡೂ ಭಾರದ ಸ್ಟ್ರೀಮ್ ಆದ್ರ ಮತ್ತ ಅದೇ ಗೋಳು.

ಆರು ಸ್ಟ್ರೀಮ್‌ಗೆ ಆರು ರೂಲ್ ಬರೀರಿ. ದೊಡ್ಡ ಕೆ ಆಪ್ಷನ್‌ನ್ಯಾಗ ‘ಎನ್‌ಟ್ಯೂಪಲ್ ಆನ್’, ಅಂದ್ರ ಕಾರ್ಡ್ ಈ ರೂಲ್ ತಗೊಳ್ಳೋ ಹಂಗ ಮಾಡೋದು. ಆಮ್ಯಾಗ ದೊಡ್ಡ ಎನ್ ಆಪ್ಷನ್‌ನ್ಯಾಗ ಫ್ಲೋ-ಟೈಪ್ ಯುಡಿಪಿ4, ಗುರಿ ಐಪಿ ಇಂಥದು, ಗುರಿ ಪೋರ್ಟ್ ಇಂಥದು, ಆ್ಯಕ್ಷನ್ 1. ಎರಡನೇ ಪೋರ್ಟ್‌ಗೆ ಆ್ಯಕ್ಷನ್ 2, ಹಿಂಗ 6ರ ತನಕ. ಆ್ಯಕ್ಷನ್ ಅಂದ್ರ ಕ್ಯೂ ನಂಬರ್.

ಇಲ್ಲಿ ಒಂದು ಸಿಕ್ಕು ಐತಿ. ಈ ಕಾರ್ಡ್ ತನ್ನ ಒಂದು ಕೇಬಲ್ ಪೋರ್ಟಿಗೆ ಒಂದೇ ಮಾಸ್ಕ್ (ಯಾವ್ಯಾವ ಅಂಶ ಹೋಲಿಸಬೇಕು ಅನ್ನೋದು) ಒಪ್ಪತೈತಿ. ಮೊದಲ ರೂಲ್‌ದಾಗ ಗುರಿ ಐಪಿ ಮತ್ತು ಗುರಿ ಪೋರ್ಟ್ ಕೊಟ್ರ, ಉಳಿದ ಎಲ್ಲಾದ್ರಾಗೂ ಅವೆರಡನ್ನೇ ಕೊಡಬೇಕು. ಒಂದ್ರಾಗ ಮೂಲ ಐಪಿನೂ ಸೇರಿಸಿದ್ರ ರೂಲ್ ತಗೊಳ್ಳಂಗಿಲ್ಲ. ಕಾರಣ ಕರ್ನಲ್ ಲಾಗ್‌ದಾಗ ಬರತೈತಿ. ಹಂಗಾಗಿ ಎಲ್ಲಾ ರೂಲ್ ಒಂದೇ ಅಚ್ಚಿನ್ಯಾಗ ಇರಲಿ.

ಮಾಟುಂಗಾ ನೆಟ್

ರೂಲ್ ಹಾಕುವ ಮೊದಲು ಕ್ಯೂ ಸಂಖ್ಯೆ ಇಳಿಸಿ. 63 ಏನಕ್ಕೂ ಬೇಡ. 8 ಸಾಕು: 1ರಿಂದ 6 ಫೀಡ್‌ಗೆ, 0 ಉಳಿದ ಟ್ರಾಫಿಕ್‌ಗೆ, 7 ಕೈಯಲ್ಲಿ ಇರಲಿ. ದೊಡ್ಡ ಎಕ್ಸ್ ಆಪ್ಷನ್‌ನಲ್ಲಿ ‘ಈಕ್ವಲ್ 1’ ಕೊಟ್ಟರೆ ಹ್ಯಾಶ್‌ನಿಂದ ಹೋಗುವುದೆಲ್ಲ ಕ್ಯೂ 0ಕ್ಕೇ ಹೋಗುತ್ತದೆ, ಬ್ಯಾಕಪ್ ಕಾಪಿಯೋ ಎಸ್‌ಎಸ್‌ಎಚ್ಚೋ ಫೀಡ್‌ನ ಕ್ಯೂಗೆ ನುಗ್ಗುವುದಿಲ್ಲ.

ಕ್ರಮ ಮುಖ್ಯ. ಮೊದಲು ಕ್ಯೂ ಸಂಖ್ಯೆ, ಆಮೇಲೆ ರಿಂಗ್ (ಕ್ಯೂನಲ್ಲಿ ಪ್ಯಾಕೆಟ್ ಕಾಯುವ ಜಾಗ) ಗಾತ್ರ, ಆಮೇಲೆ ಎನ್‌ಟ್ಯೂಪಲ್, ಹ್ಯಾಶ್ ಕೋಷ್ಟಕ, ರೂಲ್‌ಗಳು, ಕೊನೆಗೆ ಅಫಿನಿಟಿ. ಕ್ಯೂ ಸಂಖ್ಯೆ ಬದಲಿಸಿದರೆ ಡ್ರೈವರ್ ಇಂಟರಪ್ಟ್‌ಗಳನ್ನು ಹೊಸದಾಗಿ ಪಡೆಯುತ್ತದೆ. ಮೊದಲೇ ಅಫಿನಿಟಿ ಬರೆದಿದ್ದರೆ ಆ ಶ್ರಮವೆಲ್ಲ ಹೋಯಿತು.

ಐರೋಲಿ ರ‍್ಯಾಕ್

ಕ್ಯೂ ಮತ್ತು ರೂಲ್ ಅರ್ಥವಾಯಿತು. 8 ಇಂಟರಪ್ಟ್‌ಗಳನ್ನು ಯಾವ ಸಿಪಿಯುಗಳ ಮೇಲೆ ಇಡಲಿ? ಎರಡೂ ಸಾಕೆಟ್‌ಗೆ ನಾಲ್ಕು ನಾಲ್ಕು ಹಂಚಿದರೆ ಸಮನಾಗುತ್ತದಲ್ಲವೇ?

ಕೋಥ್ರೂಡ್ ಕರ್ನಲ್

ಬೇಡ. ಇಲ್ಲಿ ಸಮನಾಗುವುದು ಗುರಿಯಲ್ಲ, ಹತ್ತಿರವಿರುವುದು ಗುರಿ. ಕಾರ್ಡ್ ಕೂತಿರುವ ಪಿಸಿಐ ಸ್ಲಾಟ್ ನೋಡ್ 1ರ ಸಾಕೆಟ್‌ಗೆ ಸೇರಿದೆ. ಇಂಟೆಲ್ ಸರ್ವರ್‌ಗಳಲ್ಲಿ ಕಾರ್ಡ್ ಬರೆದ ಪ್ಯಾಕೆಟ್ ಸಾಮಾನ್ಯವಾಗಿ ಆ ಸಾಕೆಟ್‌ನ ಕೊನೆಯ ಹಂತದ ಕ್ಯಾಶ್‌ಗೇ ನೇರವಾಗಿ ಇಳಿಯುತ್ತದೆ. ಅದನ್ನು ನೋಡ್ 0ರ ಸಿಪಿಯು 3 ಓದಬೇಕೆಂದರೆ ಪ್ರತಿ ಕ್ಯಾಶ್ ಲೈನ್ ಎರಡು ಸಾಕೆಟ್‌ಗಳ ನಡುವಿನ ಕೊಂಡಿ ದಾಟಿ ಬರಬೇಕು. ಈಗ ನಿಮ್ಮಲ್ಲಿ ಆಗುತ್ತಿರುವುದು ಅದೇ: ಒಂದೇ ಕೋರ್, ಅದೂ ದೂರದ ಕೋರ್.

ಎಲ್ಲ 8 ಇಂಟರಪ್ಟ್‌ಗಳೂ ನೋಡ್ 1ರಲ್ಲಿರಲಿ. ನನ್ನ ಸಲಹೆ: ಕ್ಯೂ 0 ಸಿಪಿಯು 16ಕ್ಕೆ, ಕ್ಯೂ 1ರಿಂದ 6 ಸಿಪಿಯು 17ರಿಂದ 22ಕ್ಕೆ, ಕ್ಯೂ 7 ಸಿಪಿಯು 23ಕ್ಕೆ. ಫೀಡ್ ಓದುವ ಆರು ಥ್ರೆಡ್‌ಗಳು 24ರಿಂದ 29ರಲ್ಲಿ, ಒಂದೊಂದನ್ನೂ ಟಾಸ್ಕ್‌ಸೆಟ್‌ನಿಂದ ಕಟ್ಟಿ. ಇಂಟರಪ್ಟ್ ಮತ್ತು ಥ್ರೆಡ್ ಒಂದೇ ಸಾಕೆಟ್, ಬೇರೆ ಕೋರ್. ಒಂದೇ ಕೋರ್ ಮೇಲೆ ಎರಡನ್ನೂ ಇಟ್ಟರೆ ಭಾರ ಹೆಚ್ಚಾದಾಗ ಸಾಫ್ಟ್ ಇಂಟರಪ್ಟ್ ಕೆಲಸ ಥ್ರೆಡ್‌ನ ಸಮಯವನ್ನೇ ತಿನ್ನುತ್ತದೆ, ಆಗ ಸಾಕೆಟ್ ಬಫರ್ ತುಂಬಿ ಡ್ರಾಪ್ ಅಲ್ಲಿಗೆ ವರ್ಗವಾಗುತ್ತದೆ.

ಹೈಪರ್‌ಥ್ರೆಡ್ ಜೋಡಿಗಳನ್ನು ಮರೆಯಬೇಡಿ. ಪ್ರತಿ ಸಿಪಿಯುವಿನ ಟೊಪಾಲಜಿ ಫೋಲ್ಡರ್‌ನಲ್ಲಿ ‘ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್’ ಎಂಬ ಕಡತವಿದೆ. ನಿಮ್ಮ ಯಂತ್ರದ ಸಂಖ್ಯೆಗಳ ಪ್ರಕಾರ 17ರ ಜೋಡಿ 49, 24ರ ಜೋಡಿ 56 ಇರಬೇಕು, ಕಡತದಲ್ಲಿ ಖಚಿತಪಡಿಸಿಕೊಳ್ಳಿ. ಇಂಟರಪ್ಟ್ 17ರಲ್ಲಿಟ್ಟು ಭಾರದ ಥ್ರೆಡ್ 49ರಲ್ಲಿಟ್ಟರೆ, ಕಾಗದದ ಮೇಲೆ ಬೇರೆ ಸಿಪಿಯು, ನಿಜದಲ್ಲಿ ಒಂದೇ ಕೋರ್. ಈ ಕೆಲಸಕ್ಕೆ 49ರಿಂದ 54, 56ರಿಂದ 61 ಇವನ್ನು ಖಾಲಿ ಬಿಡಿ.

ಹಿಂಜವಡಿ ಮಂದಿ

ಬರೆಯೋದಕ್ಕ ಮಾಸ್ಕ್ ಬ್ಯಾಡ, ‘ಎಸ್‌ಎಂಪಿ ಅಫಿನಿಟಿ ಲಿಸ್ಟ್’ ಕಡತ ಬಳಸ್ರಿ. ಅದಕ್ಕ ನೇರ 17 ಅಂತ ಬರದ್ರ ಸಾಕು. ಮಾಸ್ಕ್ ಕಡತದಾಗ (ಸಿಪಿಯುಗೆ ಒಂದು ಬಿಟ್, ಹೆಕ್ಸ್‌ದಾಗ) ಸಿಪಿಯು 17 ಅಂದ್ರ 20000 ಬರೀಬೇಕು. 32 ದಾಟಿದ್ರ ಎಂಟೆಂಟು ಅಂಕಿ ಗುಂಪು, ನಡುವ ಅಲ್ಪವಿರಾಮ: ಸಿಪಿಯು 36 ಅಂದ್ರ 10,00000000. ಒಂದು ಸೊನ್ನೆ ಕಮ್ಮಿ ಆದ್ರ ಇಂಟರಪ್ಟ್ ಬೇರೆ ಸಿಪಿಯುಕ್ಕ ಹೋಗಿ ಕೂತಿರತೈತಿ, ಎರರ್ ಏನೂ ಬರಂಗಿಲ್ಲ.

ಐಆರ್‌ಕ್ಯು-ಬ್ಯಾಲೆನ್ಸ್ ನಿಲ್ಲಿಸಿ ಡಿಸೇಬಲ್ ಮಾಡ್ರಿ. ಇಲ್ಲಾಂದ್ರ ಅದು ಡಿಫಾಲ್ಟ್ ಆಗಿ 10 ಸೆಕೆಂಡಿಗೊಮ್ಮೆ ಎದ್ದು ಭಾರ ನೋಡಿ ನೀವು ಬರದದ್ದನ್ನ ಬದಲಿಸಬಹುದು.

ಮಾಟುಂಗಾ ನೆಟ್

ಪೂರ್ತಿ ನಿಲ್ಲಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಆ ಯಂತ್ರದಲ್ಲಿ ಇನ್ನೊಂದು ಮ್ಯಾನೇಜ್‌ಮೆಂಟ್ ಕಾರ್ಡ್ ಉಂಟು, ರೇಡ್ ಕಂಟ್ರೋಲರ್ ಉಂಟು, ಯುಎಸ್‌ಬಿ ಉಂಟು. ಅವನ್ನೆಲ್ಲ ಕೈಯಲ್ಲಿ ನೋಡಿಕೊಳ್ಳುವವರು ಯಾರು? ಫೀಡ್ ಮತ್ತು ಥ್ರೆಡ್‌ಗಳಿರುವ ಸಿಪಿಯುಗಳನ್ನು ನಿಷೇಧದ ಪಟ್ಟಿಗೆ ಹಾಕಿ: ಕಾನ್ಫಿಗ್ ಕಡತದ ‘ಬ್ಯಾನ್ಡ್ ಸಿಪಿಯು ಲಿಸ್ಟ್’ ಸಾಲಿನಲ್ಲಿ 16-31,48-63. ಹಳೆಯ ಆವೃತ್ತಿಯಲ್ಲಿ ಲಿಸ್ಟ್ ಇಲ್ಲ, ‘ಬ್ಯಾನ್ಡ್ ಸಿಪಿಯುಸ್’ಗೆ ಮಾಸ್ಕ್ ಕೊಡಬೇಕು. ಕಡತ ರೆಡ್‌ಹ್ಯಾಟ್ ಕುಟುಂಬದಲ್ಲಿ ಸಿಸ್‌ಕಾನ್ಫಿಗ್ ಫೋಲ್ಡರ್‌ನಲ್ಲಿ, ಡೆಬಿಯನ್ ಮತ್ತು ಉಬುಂಟುವಿನಲ್ಲಿ ಡಿಫಾಲ್ಟ್ ಫೋಲ್ಡರ್‌ನಲ್ಲಿ.

ಅಷ್ಟೇ ಸಾಲದು. ಸಿಪಿಯು ನಿಷೇಧಿಸಿದರೆ ನಿಮ್ಮ ಫೀಡ್‌ನ ಇಂಟರಪ್ಟನ್ನೂ ಅದು ಅಲ್ಲಿಂದ ಎತ್ತಿ ಬೇರೆಡೆ ಹಾಕಬಹುದು. ಆ 8 ಇಂಟರಪ್ಟ್‌ಗಳನ್ನೂ ಅದರ ಕೈಯಿಂದ ತಪ್ಪಿಸಬೇಕು. ‘ಬ್ಯಾನ್-ಐಆರ್‌ಕ್ಯು’ ಆಪ್ಷನ್‌ಗೆ ಸಂಖ್ಯೆ ಕೊಡಬಹುದು, ಆದರೆ ಸಂಖ್ಯೆ ರೀಬೂಟ್ ಆದಾಗ ಬದಲಾಗಬಹುದು. ಅದಕ್ಕೆ ‘ಪಾಲಿಸಿ-ಸ್ಕ್ರಿಪ್ಟ್’ ಒಳ್ಳೆಯದು: ಡಿವೈಸ್‌ನ ಹಾದಿ ಮತ್ತು ಇಂಟರಪ್ಟ್ ಸಂಖ್ಯೆ ಎರಡನ್ನೂ ಕೊಟ್ಟು ನಿಮ್ಮ ಸ್ಕ್ರಿಪ್ಟನ್ನು ಕರೆಯುತ್ತದೆ. ಹಾದಿ ನಿಮ್ಮ ಫೀಡ್ ಕಾರ್ಡಿನದ್ದಾದರೆ ‘ಬ್ಯಾನ್=ಟ್ರೂ’ ಎಂದು ಮುದ್ರಿಸಿದರೆ ಮುಗಿಯಿತು.

ಕೋಥ್ರೂಡ್ ಕರ್ನಲ್

ಇಬ್ಬರ ಮಾತೂ ಬೇರೆ ಬೇರೆ ಯಂತ್ರಕ್ಕೆ ಸರಿ. ಒಂದೇ ಕೆಲಸ ಮಾಡುವ ಫೀಡ್ ಸರ್ವರ್‌ನಲ್ಲಿ ನಾನಾದರೆ ನಿಲ್ಲಿಸುತ್ತೇನೆ. ಎರಡು ಕೈ ಒಂದೇ ಕಡತ ಬರೆಯುವುದು ನನಗೆ ಇಷ್ಟವಿಲ್ಲ. ಹತ್ತು ಬಗೆಯ ಕೆಲಸ ನಡೆಯುವ ಸರ್ವರ್‌ನಲ್ಲಿ ಮಾಟುಂಗಾದವರ ದಾರಿ ಉತ್ತಮ. ನಿಲ್ಲಿಸುವುದಾದರೆ ಬೂಟ್ ಸಾಲಿಗೆ ‘ಐಆರ್‌ಕ್ಯು-ಅಫಿನಿಟಿ’ ಪ್ಯಾರಾಮೀಟರ್‌ನಲ್ಲಿ 0-15 ಕೊಡಿ. ಹೊಸದಾಗಿ ಹುಟ್ಟುವ ಇಂಟರಪ್ಟ್‌ಗಳು ಡಿಫಾಲ್ಟ್ ಆಗಿ ನೋಡ್ 0ಕ್ಕೆ ಹೋಗುತ್ತವೆ, ಫೀಡ್‌ನದ್ದನ್ನು ಮಾತ್ರ ನೀವು ಕೈಯಿಂದ ನೋಡ್ 1ಕ್ಕೆ ತರುತ್ತೀರಿ.

ಎಲ್ಲವನ್ನೂ ಒಂದೇ ಸಿಪಿಯುವಿಗೆ ತುರುಕಲು ಮಾತ್ರ ಹೋಗಬೇಡಿ. ಎಕ್ಸ್86ನಲ್ಲಿ ಪ್ರತಿ ಸಿಪಿಯುವಿಗೆ 256 ವೆಕ್ಟರ್ (ಇಂಟರಪ್ಟ್ ಕೂರುವ ಸಂಖ್ಯೆಗಳು), ಅದರಲ್ಲಿ ಮೊದಲ 32 ಎಕ್ಸೆಪ್ಷನ್‌ಗಳಿಗೆ, ಇನ್ನಷ್ಟು ಕರ್ನಲ್‌ನ ಸ್ವಂತ ಬಳಕೆಗೆ. ಉಳಿಯುವುದು ಸುಮಾರು 200. ಕ್ಯೂಗಳು ಬಹಳ ಇರುವ ಯಂತ್ರದಲ್ಲಿ ಅದು ಮುಗಿದರೆ ಬರೆಯುವಾಗ ‘ಜಾಗ ಉಳಿದಿಲ್ಲ’ ಎಂಬ ಎರರ್ ಬರುತ್ತದೆ. ಡಿಸ್ಕ್ ತುಂಬಿದಾಗ ಬರುವ ಸಂದೇಶವೇ ಅದು, ಹಾಗಾಗಿ ಎಷ್ಟೋ ಜನ ಡಿಸ್ಕ್ ನೋಡಲು ಓಡುತ್ತಾರೆ.

ವೆರ್ಣಾ ವಿಎಂ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಗೋವಾದ ವೆರ್ಣಾದಲ್ಲಿ ಕೆವಿಎಂ (ವರ್ಚುವಲ್ ಯಂತ್ರ ಓಡಿಸುವ ವ್ಯವಸ್ಥೆ) ಮೇಲೆ ಓಡುವ ವೆಬ್ ಸರ್ವರ್, 4 ವಿ-ಸಿಪಿಯು. ಇಲ್ಲಿಯೂ ಸಿಪಿಯು 0 ಒಂದೇ ಬಿಸಿ. ಈತ್‌ಟೂಲ್ ಕಂಬೈನ್ಡ್ ಗರಿಷ್ಠ 1 ಎನ್ನುತ್ತದೆ. ಇಂಟರಪ್ಟ್ಸ್ ಕಡತದಲ್ಲಿ ವರ್ಟ್‌ಐಒ ಇನ್‌ಪುಟ್ 0, ಔಟ್‌ಪುಟ್ 0 ಎರಡೇ ಸಾಲು.

ಮಾಟುಂಗಾ ನೆಟ್

ಗರಿಷ್ಠವೇ 1 ಎಂದರೆ ಗೆಸ್ಟ್ (ನಿಮ್ಮ ವರ್ಚುವಲ್ ಯಂತ್ರ) ಒಳಗೆ ಕ್ಯೂ ಹೆಚ್ಚಿಸಲು ಆಗುವುದಿಲ್ಲ. ಅದನ್ನು ಓಡಿಸುವ ಹೋಸ್ಟ್‌ನಲ್ಲಿ ಲಿಬ್‌ವರ್ಟ್‌ನ ಎಕ್ಸ್‌ಎಂಎಲ್ ತೆಗೆದು, ಆ ಇಂಟರ್‌ಫೇಸ್‌ನ ಡ್ರೈವರ್ ಸಾಲಿನಲ್ಲಿ ಹೆಸರು ವಿ-ಹೋಸ್ಟ್, ಕ್ಯೂಸ್ 4 ಎಂದು ಬರೆಯಿರಿ. ವಿಎಂ ಪೂರ್ತಿ ಆರಿಸಿ ಹೊತ್ತಿಸಿ, ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು. ಆಮೇಲೆ ಗೆಸ್ಟ್‌ನಲ್ಲಿ ಕಂಬೈನ್ಡ್ ಎಷ್ಟಿದೆ ನೋಡಿ, 4 ಇಲ್ಲದಿದ್ದರೆ ನೀವೇ ಕೊಡಿ. ಎಂಪಿಸ್ಟ್ಯಾಟ್‌ನ ಸ್ಟೀಲ್ ಕಾಲಮ್ ಕೂಡ ನೋಡಿ. ಅದು ಏರುತ್ತಿದ್ದರೆ ಹೋಸ್ಟ್‌ನಲ್ಲಿಯೇ ಸಿಪಿಯು ಸಾಲುತ್ತಿಲ್ಲ, ಅಫಿನಿಟಿಯಿಂದ ಅದು ಹೋಗದು.

ಹೋಸ್ಟ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆರ್‌ಪಿಎಸ್ ಉಂಟು, ಬಂದ ಪ್ಯಾಕೆಟ್‌ಗಳನ್ನು ಕರ್ನಲ್ಲೇ ಸಿಪಿಯುಗಳಿಗೆ ಹಂಚುವ ಸೌಲಭ್ಯ. ಆ ಇಂಟರ್‌ಫೇಸ್‌ನ ಕ್ಯೂಸ್ ಫೋಲ್ಡರ್, ಆರ್‌ಎಕ್ಸ್-0 ಒಳಗೆ ‘ಆರ್‌ಪಿಎಸ್ ಸಿಪಿಯುಸ್’ ಕಡತಕ್ಕೆ ‘ಇ’ ಎಂದು ಬರೆಯಿರಿ. ಅಂದರೆ ಸಿಪಿಯು 1, 2, 3, ಇಂಟರಪ್ಟ್ ತೆಗೆದುಕೊಳ್ಳುವ 0 ಬಿಟ್ಟು. ಇಂಟರಪ್ಟ್ 0ರಲ್ಲೇ ಇರುತ್ತದೆ, ಆದರೆ ಪ್ರೊಟೊಕಾಲ್ ಕೆಲಸ ಉಳಿದ ಮೂರಕ್ಕೆ ಹೋಗುತ್ತದೆ. 2010ರಲ್ಲಿ, ಕರ್ನಲ್ 2.6.35ರಿಂದ ಇದೆ. ಒಂದೇ ಕ್ಯೂ ಇರುವ ಅಗ್ಗದ ಕಾರ್ಡ್‌ಗಳಿಗೂ ಇದೇ ಮದ್ದು. ಐರೋಲಿಯವರ ಹಾಗೆ ಕಾರ್ಡ್‌ನಲ್ಲೇ ಕ್ಯೂ ಇರುವಾಗ ಇದನ್ನು ಹಚ್ಚಬೇಡಿ, ಸಿಪಿಯುವಿನಿಂದ ಸಿಪಿಯುವಿಗೆ ಕರೆಗಂಟೆ ಹೊಡೆಯುವ ಖರ್ಚು ಸುಮ್ಮನೆ ಸೇರುತ್ತದೆ.

ಹಿಂಜವಡಿ ಮಂದಿ

ನಮ್ಮ ಪುಣೆ ಕಡೆಯಿಂದನೂ ಒಂದು ಪ್ರಶ್ನೆ ಸರ್. ಎರಡು ಆಫೀಸ್ ನಡುವ ಟನಲ್ ಗೇಟ್‌ವೇ. ಜಿಆರ್‌ಇ (ಪ್ಯಾಕೆಟ್ಟನ್ನ ಇನ್ನೊಂದರಾಗ ಸುತ್ತಿ ಕಳಿಸೋದು) ಒಂದು, ಐಪಿಸೆಕ್ (ಗುಪ್ತಲಿಪಿ ಮಾಡಿ ಕಳಿಸೋದು) ಒಂದು. ಎರಡರಾಗೂ ಒಂದೇ ಕ್ಯೂ ತುಂಬತೈತಿ. ಕಾರ್ಡಿಗೆ ಕಾಣೋದು ಹೊರಗಿನ ಎರಡು ವಿಳಾಸ ಅಷ್ಟೇ, ಅದು ತಿಳೀತು. ಆರ್‌ಪಿಎಸ್ ಹಚ್ಚಿದ್ರ ಏನರ ಆಗತೈತೇನು?

ಕೋಥ್ರೂಡ್ ಕರ್ನಲ್

ಜಿಆರ್‌ಇಗೆ ಆಗುತ್ತದೆ. ಆರ್‌ಪಿಎಸ್‌ಗೆ ಹ್ಯಾಶ್ ಬೇಕಾದಾಗ ಕರ್ನಲ್ ತನ್ನ ಸಾಫ್ಟ್‌ವೇರ್‌ನಿಂದ ಜಿಆರ್‌ಇ ಒಳಗಿನ ಐಪಿ, ಪೋರ್ಟ್‌ಗಳವರೆಗೆ ಬಿಡಿಸಿ ನೋಡಬಲ್ಲದು. ಆದರೆ ಕಾರ್ಡ್ ಕೊಟ್ಟ ಹ್ಯಾಶ್ ಸಿಕ್ಕರೆ ಕೆಲವೊಮ್ಮೆ ಅದನ್ನೇ ಬಳಸಬಹುದು, ಹೊರಗಿನ ವಿಳಾಸದಿಂದ ತೆಗೆದ ಆ ಹ್ಯಾಶ್‌ನಿಂದ ನಿಮಗೆ ಪ್ರಯೋಜನವಿಲ್ಲ. ಅದಕ್ಕೆ ದೊಡ್ಡ ಕೆ ಆಪ್ಷನ್‌ನಲ್ಲಿ ‘ಆರ್‌ಎಕ್ಸ್-ಹ್ಯಾಶ್ ಆಫ್’ ಮಾಡಿ, ಆಮೇಲೆ ಆರ್‌ಪಿಎಸ್ ಹಚ್ಚಿ.

ಐಪಿಸೆಕ್‌ಗೆ ಆಗುವುದಿಲ್ಲ. ಒಳಗಿನದು ಗುಪ್ತಲಿಪಿಯಲ್ಲಿದೆ, ಬಿಡಿಸುವ ಮುನ್ನ ಯಾರಿಗೂ ಪೋರ್ಟ್ ಕಾಣದು. ಟ್ರಾಫಿಕ್ಕನ್ನು ಬೇರೆ ಬೇರೆ ಹೊರವಿಳಾಸಗಳ ನಡುವಿನ ಎರಡು ಮೂರು ಟನಲ್‌ಗಳಾಗಿ ಒಡೆಯುವುದು ಸರಳ ದಾರಿ. ವಿಎಕ್ಸ್‌ಲ್ಯಾನ್‌ಗೆ (ಯುಡಿಪಿಯಲ್ಲಿ ಸುತ್ತಿ ಕಳಿಸುವ ಟನಲ್) ಈ ಸಮಸ್ಯೆ ಕಡಿಮೆ, ಏಕೆಂದರೆ ಅದು ಒಳಗಿನ ಫ್ಲೋ ನೋಡಿ ಹೊರಗಿನ ಯುಡಿಪಿ ಮೂಲ ಪೋರ್ಟ್ ಬದಲಿಸುತ್ತದೆ. ಹ್ಯಾಶ್‌ಗೆ ಪೋರ್ಟ್ ಸೇರಿಸಿದ್ದರೆ ತಾನಾಗಿ ಹಂಚಿಹೋಗುತ್ತದೆ.

ಐರೋಲಿ ರ‍್ಯಾಕ್

ಶನಿವಾರ ಮಾರುಕಟ್ಟೆ ಇಲ್ಲದಾಗ ಎಲ್ಲವನ್ನೂ ಹಾಕಿದೆ. ಕ್ಯೂ 8, ಆರು ರೂಲ್, ಉಳಿದದ್ದು ಕ್ಯೂ 0ಕ್ಕೆ, ಇಂಟರಪ್ಟ್ 16ರಿಂದ 23, ಥ್ರೆಡ್ 24ರಿಂದ 29, ಐಆರ್‌ಕ್ಯು-ಬ್ಯಾಲೆನ್ಸ್ ನಿಲ್ಲಿಸಿದೆ. ಸೋಮವಾರ 9:15ಕ್ಕೆ ಆರು ಸಿಪಿಯುಗಳು ಬೇರೆ ಬೇರೆಯಾಗಿ ಓಡಿದವು, ಯಾವುದೂ ತುಂಬಲಿಲ್ಲ. ಮಿಸ್ಡ್ ಎರರ್ಸ್ ನಿಂತಿದೆ. ಆದರೆ ಎರಡು ಸ್ಟ್ರೀಮ್‌ಗಳಲ್ಲಿ ತೆರೆಯುವ ಹೊತ್ತಿಗೆ ಮಾತ್ರ ಇನ್ನೂ ಒಂದಷ್ಟು ಗ್ಯಾಪ್. ಇದು ಎಲ್ಲಿಯದು?

ಕೋಥ್ರೂಡ್ ಕರ್ನಲ್

ಡ್ರಾಪ್ ಆಗುವ ಜಾಗಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ.

ಕಾರ್ಡಿನ ಮಟ್ಟದ್ದು ಮಿಸ್ಡ್ ಎರರ್ಸ್, ಅದು ನಿಂತಿದೆ. ಮುಂದಿನದು ‘/ಪ್ರಾಕ್/ನೆಟ್/ಸಾಫ್ಟ್‌ನೆಟ್ ಸ್ಟ್ಯಾಟ್’. ಸಿಪಿಯುವಿಗೆ ಒಂದು ಸಾಲು, ಸಂಖ್ಯೆಗಳೆಲ್ಲ ಹೆಕ್ಸ್‌ನಲ್ಲಿ. ಮೊದಲ ಕಾಲಮ್ ಸಂಸ್ಕರಿಸಿದ ಪ್ಯಾಕೆಟ್, ಎರಡನೆಯದು ಬ್ಯಾಕ್‌ಲಾಗ್ ತುಂಬಿ ಬಿಟ್ಟದ್ದು, ಮೂರನೆಯದು ಟೈಮ್ ಸ್ಕ್ವೀಜ್. ನಿಮ್ಮಲ್ಲಿ ಆರ್‌ಪಿಎಸ್ ಇಲ್ಲದ್ದರಿಂದ ಎರಡನೆಯದು ಏರುವ ಕಾರಣವಿಲ್ಲ. ಮೂರನೆಯದು ಏರುತ್ತಿದ್ದರೆ, ಸಾಫ್ಟ್ ಇಂಟರಪ್ಟ್‌ನ ಒಂದು ಸುತ್ತಿಗೆ ಕೊಟ್ಟ ಪಾಲು ಮುಗಿದರೂ ಕೆಲಸ ಉಳಿದಿತ್ತು ಎಂದರ್ಥ. ಡಿಫಾಲ್ಟ್ ಪಾಲು 300 ಪ್ಯಾಕೆಟ್, ಹೆಸರು ‘ನೆಟ್‌ಡೆವ್ ಬಜೆಟ್’. ಅದನ್ನು 600 ಮಾಡಬಹುದು, ಜೊತೆಗಿರುವ ‘ಬಜೆಟ್ ಯುಸೆಕ್ಸ್’ ಎಂಬ ಸಮಯದ ಮಿತಿಯನ್ನೂ ಹೆಚ್ಚಿಸಬೇಕು. ಒಂದನ್ನೇ ಏರಿಸಿದರೆ ಇನ್ನೊಂದು ಮಿತಿ ತಡೆಯುತ್ತದೆ.

ಮೂರನೆಯ ಜಾಗ ಸಾಕೆಟ್ ಬಫರ್. ನೆಟ್‌ಸ್ಟ್ಯಾಟ್‌ನ ಯುಡಿಪಿ ಅಂಕಿಅಂಶದಲ್ಲಿ ‘ರಿಸೀವ್ ಬಫರ್ ಎರರ್ಸ್’ ನೋಡಿ. ನನ್ನ ಅನುಮಾನ ಇದರ ಮೇಲೆಯೇ. ಮೊದಲು ಇಂಟರಪ್ಟ್ ಕೋರ್ ತಡೆಯಾಗಿತ್ತು. ಅದು ಸಡಿಲವಾದ ಮೇಲೆ ಪ್ಯಾಕೆಟ್‌ಗಳು ಥ್ರೆಡ್‌ನ ಬಾಗಿಲಿಗೆ ಬಂದು ನಿಲ್ಲುತ್ತಿವೆ. ‘ಆರ್‌ಮೆಮ್ ಮ್ಯಾಕ್ಸ್’ (ಆ ಬಫರ್‌ನ ಗರಿಷ್ಠ ಮಿತಿ) ಏರಿಸಿದರೆ ಮಾತ್ರ ಸಾಲದು, ಪ್ರೋಗ್ರಾಮ್ ಕೂಡ ದೊಡ್ಡ ಬಫರ್ ಕೇಳಬೇಕು. ಕೇಳದಿದ್ದರೆ ಅದಕ್ಕೆ ಸಿಗುವುದು ಡಿಫಾಲ್ಟ್ ಗಾತ್ರ. ಒಂದೊಂದು ಸಿಸ್ಟಮ್ ಕಾಲ್‌ನಲ್ಲಿ ಒಂದೊಂದೇ ಪ್ಯಾಕೆಟ್ ಓದುತ್ತಿದ್ದರೆ, ಒಮ್ಮೆಗೆ ಹಲವನ್ನು ತರುವ ‘ರಿಸೀವ್ ಎಂ-ಎಂ-ಎಸ್‌ಜಿ’ ಕರೆಗೆ ಬದಲಿಸಿ.

ಐರೋಲಿ ರ‍್ಯಾಕ್

ಹೌದು ಸರ್, ರಿಸೀವ್ ಬಫರ್ ಎರರ್ಸೇ. ಪ್ರೋಗ್ರಾಮ್ ಬಫರ್ ಗಾತ್ರ ಕೇಳುತ್ತಿರಲಿಲ್ಲ. 8 ಮೆಗಾಬೈಟ್‌ಗೆ ಏರಿಸಿದ ಮೇಲೆ ಎಣಿಕೆ ನಿಂತಿದೆ. ರಿಂಗ್ ಈಗ 512 ಇದೆ, 4096 ಮಾಡಲೇ?

ಮಾಟುಂಗಾ ನೆಟ್

ಮಿಸ್ಡ್ ನಿಂತಿದೆ ಎಂದಾದರೆ ಯಾಕೆ ಮುಟ್ಟುವುದು? ರಿಂಗ್ ದೊಡ್ಡದಾದಷ್ಟೂ ಓಡಾಡುವ ಮೆಮೊರಿ ಹೆಚ್ಚು, ಕ್ಯಾಶ್‌ನಲ್ಲಿ ಹಿಡಿಯುವುದು ಕಡಿಮೆ. ಮತ್ತೆ ಏರಿದರೆ 1024, ಆಮೇಲೆ 2048, ಹಂತ ಹಂತವಾಗಿ ಹೋಗಿ. ಬದಲಿಗೆ ಸಣ್ಣ ಸಿ ಆಪ್ಷನ್‌ನಲ್ಲಿ ‘ಆರ್‌ಎಕ್ಸ್-ಯುಸೆಕ್ಸ್’ (ಇಂಟರಪ್ಟ್ ಪದೇ ಪದೇ ಬರದಂತೆ ತಡೆಯುವ ಮಿತಿ) ಎಷ್ಟಿದೆ ನೋಡಿ. ಈ ಡ್ರೈವರ್‌ನಲ್ಲಿ 1 ಎಂದರೆ ಒಂದು ಮೈಕ್ರೊಸೆಕೆಂಡ್ ಅಲ್ಲ, ಭಾರ ನೋಡಿ ತಾನೇ ಹೊಂದಿಸಿಕೊಳ್ಳುವ ರೀತಿ. 0 ಎಂದರೆ ಮಿತಿಯೇ ಇಲ್ಲ. ತಡ ಕಡಿಮೆಯಾಗುತ್ತದೆಂದು 0 ಇಟ್ಟರೆ ಇಂಟರಪ್ಟ್‌ಗಳ ಸಂಖ್ಯೆ ಏರಿ ಕೋರ್ ಮತ್ತೆ ಬಿಸಿ.

ವೆರ್ಣಾ ವಿಎಂ

ಕ್ಯೂಸ್ 4 ಮಾಡಿದ ಮೇಲೆ ಸರಿಯಾಯಿತು, ಧನ್ಯವಾದ. ಹೋಸ್ಟ್‌ನಲ್ಲಿ ಎನ್‌ವಿಎಂಇ ಡಿಸ್ಕ್‌ನ ಇಂಟರಪ್ಟ್‌ಗಳನ್ನೂ ಹೀಗೇ ಕಟ್ಟಲು ಹೋದರೆ ‘ಇನ್‌ಪುಟ್/ಔಟ್‌ಪುಟ್ ಎರರ್’ ಬರುತ್ತದೆ. ಡಿಸ್ಕ್ ಕೆಟ್ಟಿದೆಯೇ?

ಕೋಥ್ರೂಡ್ ಕರ್ನಲ್

ಡಿಸ್ಕ್ ಸರಿಯಿದೆ. ಎನ್‌ವಿಎಂಇ ಡೇಟಾ ಕ್ಯೂಗಳ ಇಂಟರಪ್ಟ್‌ಗಳನ್ನು ಕರ್ನಲ್ ತಾನೇ ನಿರ್ವಹಿಸುತ್ತದೆ, ಹೊರಗಿನಿಂದ ಬರೆಯಲು ಬಿಡುವುದಿಲ್ಲ. ಆ ನಿರಾಕರಣೆಯೇ ಈ ಎರರ್ ಆಗಿ ಕಾಣುತ್ತದೆ. ಕ್ಯೂ 0 ಅಡ್ಮಿನ್ ಕ್ಯೂ, ಅದನ್ನು ಮಾತ್ರ ಬದಲಿಸಬಹುದು. ಸಿಪಿಯುಗಳಿಗೆ ಅದು ಈಗಾಗಲೇ ಚೆನ್ನಾಗಿ ಹಂಚಿರುತ್ತದೆ, ಬಿಟ್ಟುಬಿಡಿ. ಕೆಲವು ಸಿಪಿಯುಗಳನ್ನು ಅವುಗಳಿಂದ ದೂರವಿಡಲೇಬೇಕಾದರೆ ಬೂಟ್ ಸಾಲಿನ ‘ಐಸೋಲ್-ಸಿಪಿಯುಸ್’ನಲ್ಲಿ ‘ಮ್ಯಾನೇಜ್ಡ್ ಐಆರ್‌ಕ್ಯು’ ಎಂಬ ಗುರುತು 5.6 ಕರ್ನಲ್‌ನಿಂದ ಇದೆ. ಪ್ರತ್ಯೇಕಿಸಿದ ಸಿಪಿಯು ತಾನೇ ಡಿಸ್ಕ್‌ಗೆ ಓದು-ಬರಹ ಕಳಿಸಿದರೆ ಇಂಟರಪ್ಟ್ ಅಲ್ಲಿಗೂ ಬರಬಹುದು.

ಐರೋಲಿ ರ‍್ಯಾಕ್

ಕೊನೆಯದಾಗಿ, ರೀಬೂಟ್ ಆದರೂ ಇದೆಲ್ಲ ಉಳಿಯಲು?

ಹಿಂಜವಡಿ ಮಂದಿ

ಸಿಸ್ಟಮ್‌ಡಿ ಒಂದು ಸರ್ವಿಸ್ ಬರೀರಿ, ಟೈಪ್ ಒನ್‌ಶಾಟ್, ನೆಟ್‌ವರ್ಕ್-ಆನ್‌ಲೈನ್ ಆದ ಮ್ಯಾಲೆ, ಫೀಡ್ ಪ್ರೋಗ್ರಾಮಿಗಿಂತ ಮೊದಲ. ಸ್ಕ್ರಿಪ್ಟ್‌ದಾಗ ಇಂಟರಪ್ಟ್ ನಂಬರ್ ಬರೀಬ್ಯಾಡ್ರಿ. ಇಂಟರಪ್ಟ್ಸ್ ಕಡತದಾಗ ಕಾರ್ಡ್ ಹೆಸರು ಮತ್ತು ಟಿಎಕ್ಸ್‌ಆರ್‌ಎಕ್ಸ್-1 ಇರೋ ಸಾಲು ಹುಡುಕಿ, ಸಾಲಿನ ಮೊದಲ ಸಂಖ್ಯೆ ತಗೊಂಡು, ಅದರ ಲಿಸ್ಟ್ ಕಡತಕ್ಕ 17 ಬರೀರಿ. ಹುಡುಕುವಾಗ ಸಾಲಿನ ಕೊನೆ ತನಕ ಹೊಂದಿಸ್ರಿ, ಇಲ್ಲಾಂದ್ರ ಕ್ಯೂ 10 ದಾಟಿದ ಯಂತ್ರದಾಗ 1 ಹುಡುಕಿದ್ರ 10, 11 ಎಲ್ಲಾ ಸಿಗತಾವು. ಟಿಎಕ್ಸ್‌ಆರ್‌ಎಕ್ಸ್ ಇಲ್ಲದ, ಬರೇ ಕಾರ್ಡ್ ಹೆಸರಿನ ಒಂದು ಸಾಲು ಇರತೈತಿ. ಅದು ಲಿಂಕ್ ಏರಿಳಿತದ್ದು, ಅದನ್ನ ನೋಡ್ 0ದಾಗ ಬಿಡ್ರಿ.

ಬರದ ಮ್ಯಾಲೆ ಎಫೆಕ್ಟಿವ್ ಕಡತ ಓದಿ, 17 ಇಲ್ಲಾಂದ್ರ ಸರ್ವಿಸ್ ಫೇಲ್ ಆಗಲಿ. ಫೀಡ್ ಇನ್ನೂ ಶುರು ಆಗಿರಂಗಿಲ್ಲ, ಕ್ಯೂದಾಗ ಪ್ಯಾಕೆಟ್ ಬಂದಿರಂಗಿಲ್ಲ, ಹಂಗಾಗಿ ಒಮ್ಮೆ ತಪ್ಪಿದ್ರ ಎರಡು ಸೆಕೆಂಡ್ ಬಿಟ್ಟು ಮತ್ತೊಮ್ಮೆ ಓದೋ ಹಂಗ ಇಡ್ರಿ.

ಮಾಟುಂಗಾ ನೆಟ್

ಇನ್ನೊಂದು ಸೇರಿಸಿ. ಯಾರಾದರೂ ಸಿಪಿಯು 19ನ್ನು ಆಫ್‌ಲೈನ್ ಮಾಡಿ ಮತ್ತೆ ಆನ್‌ಲೈನ್ ಮಾಡಿದರೆ, ಅದರ ಮೇಲಿದ್ದ ಇಂಟರಪ್ಟ್ ಬೇರೆಡೆ ಹೋಗಿ ಅಲ್ಲೇ ಉಳಿಯುತ್ತದೆ, ತಾನಾಗಿ ವಾಪಸ್ ಬರುವುದಿಲ್ಲ. ಡ್ರೈವರ್ ಮತ್ತೆ ಲೋಡ್ ಆದರೂ, ಕ್ಯೂ ಸಂಖ್ಯೆ ಬದಲಿಸಿದರೂ ಆ ಸರ್ವಿಸ್ಸನ್ನು ಇನ್ನೊಮ್ಮೆ ಓಡಿಸಬೇಕು. ದಿನಾ 9:00ಕ್ಕೆ ಮೊದಲು ಒಂದು ಟೈಮರ್ ಇಟ್ಟು ಎಂಟೂ ಎಫೆಕ್ಟಿವ್ ಕಡತ ಮತ್ತು ಆರೂ ರೂಲ್ ಸ್ಥಳದಲ್ಲಿವೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಮೇಲ್ ಬರುವ ಹಾಗೆ ಮಾಡಿ.